ಬೆಳಕಿನ ಆಸೆ, ಗಾಜಿನ ಬೆಲೆ

ಗಾಜಿನ ಕೆಲವು ಬಿಲ್ಲೆಗಳು, ಅವನ್ನು ಹಿಡಿದಿಡಲು ಲೋಹದ ಒಂದು ಕೊಳವೆ, ಇಷ್ಟೇ. ಕ್ಯಾಮೆರಾ ಇದರಲ್ಲಿ ಸೇರಿಲ್ಲ. ಜರ್ಮನಿಯ ಲೈಕಾ ಸಂಸ್ಥೆಯವರು ೨೦೦೮ರಲ್ಲಿ ಇಂಥದೊಂದು ಮಸೂರವನ್ನು ಹೊರತಂದಾಗ ಅದರ ಬೆಲೆ ಸುಮಾರು ಹತ್ತು ಸಾವಿರ ಡಾಲರು. ಹೆಸರು ‘ನಾಕ್ಟಿಲಕ್ಸ್’, ಇರುಳು, ಬೆಳಕು ಎಂಬರ್ಥದ ಎರಡು ಲ್ಯಾಟಿನ್ ಮಾತುಗಳು ಅದರಲ್ಲಿ ಕೂಡಿವೆ. ಇಷ್ಟು ಹಣ ತೆತ್ತು ಜನ ಕೊಳ್ಳುವುದಾದರೂ ಏನನ್ನು?

೧೮೩೯ರಲ್ಲಿ ಡಾಗೇರನು ಛಾಯಾಚಿತ್ರದ ತನ್ನ ವಿಧಾನವನ್ನು ಪ್ರಕಟಿಸಿದಾಗ, ಚಿತ್ರ ತೆಗೆಸಿಕೊಳ್ಳುವವರು ಬಿಸಿಲಿನಲ್ಲಿ ನಿಮಿಷಗಟ್ಟಲೆ ಅಲುಗದೆ ಕುಳಿತಿರಬೇಕಾಗಿತ್ತು. ಮರುವರ್ಷವೇ ವಿಯೆನ್ನಾದ ಗಣಿತ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲನು ಹೆಚ್ಚು ಬೆಳಕನ್ನು ಒಳಬಿಡುವ ಮಸೂರವೊಂದನ್ನು ಲೆಕ್ಕ ಹಾಕಿ ಕೊಟ್ಟನು. ಈ ಲೆಕ್ಕಕ್ಕೆ ನೆರವಾದವರು ಆಸ್ಟ್ರಿಯದ ಫಿರಂಗಿದಳದ ಸಿಪಾಯಿಗಳು! ಗುಂಡಿನ ಹಾದಿಯನ್ನು ಗುಣಿಸಿ ಪಳಗಿದ್ದವರು ಬೆಳಕಿನ ಹಾದಿಯನ್ನು ಗುಣಿಸಿದರು. ನಿಮಿಷಗಳು ಸೆಕೆಂಡುಗಳಿಗೆ ಇಳಿದವು.

ಪೆಟ್ಸ್‌ವಾಲನ ಮಸೂರದ ಅಳತೆ ಎಫ್ ೩.೬. ಮಸೂರದ ನಾಭಿದೂರವನ್ನು ಅದರ ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಸಂಖ್ಯೆ ಕಿರಿದಾದಷ್ಟೂ ಬೆಳಕು ಹೆಚ್ಚು. ಎಫ್ ೨ರಿಂದ ಎಫ್ ೧ಕ್ಕೆ ಬಂದರೆ ಬೆಳಕು ನಾಲ್ಕುಮಡಿ. ಆದರೆ ಹಾಗೆ ಕಿಂಡಿ ಇಮ್ಮಡಿಯಾದಾಗ, ಅಂಚಿನ ಕಿರಣಗಳು ಒಂದೆಡೆ ಕೂಡದೆ ಚದರುವ ‘ಗೋಳೀಯ ದೋಷ’ ಎಂಟುಮಡಿಯಾಗುತ್ತದೆ. ಪಡೆಯುವುದು ನಾಲ್ಕು, ತೆರುವುದು ಎಂಟು. ಆ ದೋಷವನ್ನು ತಿದ್ದಲು ಬೇಕಾಗುವ ಅಪರೂಪದ ಗಾಜು, ಕೈಕುಸುರಿ, ಕಾಲ ಇವುಗಳೇ ಬೆಲೆಯ ಗುಟ್ಟು.

ಈ ಬೆಲೆ ಸಾರ್ಥಕವಾದ ಒಂದು ಕಾಲವುಂಟು. ೧೯೨೪ರಲ್ಲಿ ಡ್ರೆಸ್ಡೆನ್ನಿನ ಎರ್ನೆಮನ್ ಕಾರ್ಖಾನೆ ‘ಎರ್ಮಾನಾಕ್ಸ್’ ಎಂಬ ಚಿಕ್ಕ ಕ್ಯಾಮೆರಾವನ್ನು ಮಾರಾಟಕ್ಕಿಟ್ಟಿತು. ಇಪ್ಪತ್ತೈದೂ ತುಂಬದ ಲುಡ್ವಿಗ್ ಬೆರ್ಟೆಲೆ ರಚಿಸಿದ ಎಫ್ ೨ರ ಮಸೂರ ಅದರದು. ಅಲ್ಲಿಯವರೆಗೆ ರಾತ್ರಿಯ ಕೂಟದಲ್ಲಿ ಚಿತ್ರ ಬೇಕಾದರೆ ಮದ್ದಿನ ಪುಡಿಯನ್ನು ಹೊತ್ತಿಸಬೇಕು. ಭಗ್ಗನೆ ಬೆಳಕು, ಹೊಗೆ. ಎಲ್ಲರೂ ಎದೆಯುಬ್ಬಿಸಿ ಕುಳಿತ ಮುಖಗಳೇ ಚಿತ್ರದಲ್ಲಿ ಬರುತ್ತಿದ್ದವು. ಬರ್ಲಿನ್ನಿನ ಎರಿಕ್ ಸಾಲೊಮನ್ ಎಂಬ ಕಾನೂನು ಪಂಡಿತನು ಎರ್ಮಾನಾಕ್ಸನ್ನು ಟೋಪಿಯಲ್ಲಿ ಅಡಗಿಸಿಕೊಂಡು ನ್ಯಾಯಾಲಯವನ್ನು ಹೊಕ್ಕನು. ೧೯೩೦ರ ಜನವರಿಯಲ್ಲಿ ಹೇಗ್ ನಗರದ ಸಮ್ಮೇಳನದಲ್ಲಿ, ನಡುರಾತ್ರಿ ಕಳೆದ ಮೇಲೆ, ಮಾತಾಡಿ ಸೋತು ಆಸನಗಳಲ್ಲಿ ಒರಗಿದ್ದ ಜರ್ಮನಿ, ಫ್ರಾನ್ಸುಗಳ ಮಂತ್ರಿಗಳನ್ನು ಚಿತ್ರದಲ್ಲಿ ಹಿಡಿದನು. ರಾಜ್ಯಗಳ ಹಣೆಬರಹ ಬರೆಯುವವರೂ ನಮ್ಮಂತೆಯೇ ತೂಕಡಿಸುತ್ತಾರೆಂಬುದು ಲೋಕಕ್ಕೆ ಕಂಡಿತು. ಯೆಹೂದಿಯಾದ ಸಾಲೊಮನ್ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಹಾಲೆಂಡಿಗೆ ಹೋದನು. ಅಲ್ಲಿಯೂ ಸಿಕ್ಕಿಬಿದ್ದು, ೧೯೪೪ರಲ್ಲಿ ಔಷ್ವಿಟ್ಸ್ ಶಿಬಿರದಲ್ಲಿ ಕೊಲೆಯಾದನು.

ಯುದ್ಧಾನಂತರ ಈ ಓಟದಲ್ಲಿ ಜಪಾನೂ ಸೇರಿತು. ೧೯೬೧ರಲ್ಲಿ ಕ್ಯಾನನ್ ಎಫ್ ೦.೯೫ನ್ನು ತಂದಿತು. ೧೯೬೬ರಲ್ಲಿ ಲೈಟ್ಸ್ ಕಾರ್ಖಾನೆಯ ಮೊದಲ ನಾಕ್ಟಿಲಕ್ಸ್ ಬಂತು. ಅದರ ಎರಡು ಮೈಗಳನ್ನು ಕೈಯಿಂದಲೇ ಉಜ್ಜಿ ತಿದ್ದಬೇಕಾಗಿತ್ತು; ಹತ್ತು ವರ್ಷಗಳಲ್ಲಿ ಎರಡು ಸಾವಿರವೂ ತಯಾರಾಗಲಿಲ್ಲ.

ಇವೆಲ್ಲಕ್ಕೂ ಮಿಗಿಲಾದದ್ದು ತ್ಸೈಸ್ ಸಂಸ್ಥೆಯ ಎಫ್ ೦.೭. ಅಮೆರಿಕದ ನಾಸಾ ಸಂಸ್ಥೆಗಾಗಿ ರೂಪಿಸಿದ ಇವು ಆದದ್ದು ಹತ್ತೇ. ಅವುಗಳಲ್ಲಿ ಮೂರನ್ನು ಕೊಂಡ ಸ್ಟಾನ್ಲಿ ಕ್ಯೂಬ್ರಿಕ್, ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದ ಬತ್ತಿಗಳ ಬೆಳಕಿನಲ್ಲಿಯೇ ತೆಗೆದನು. ೧೯೭೫ರಲ್ಲಿ ತೆರೆಕಂಡ ಈ ಚಿತ್ರದಲ್ಲಿ ಹದಿನೆಂಟನೆಯ ಶತಮಾನದ ಕೋಣೆಗಳು ಆ ಕಾಲದವರ ಕಣ್ಣಿಗೆ ಕಂಡಂತೆಯೇ ಕಾಣುತ್ತವೆ. ಆದರೆ ನಟರು ಅಲುಗಿದರೆ ಕೆಟ್ಟಿತು. ಒಂದಿಷ್ಟು ಮುಂದಕ್ಕೆ ಬಾಗಿದರೂ ಮುಖ ಮಸುಕಾಗುವುದು. ಡಾಗೇರನ ಕಾಲದ ಶಿಕ್ಷೆ ಇಲ್ಲಿ ಬೇರೊಂದು ರೂಪದಲ್ಲಿ ಮರಳಿತೆನ್ನಬಹುದು.

ಈಗಿನ ಡಿಜಿಟಲ್ ಕ್ಯಾಮೆರಾಗಳು ಸಾಧಾರಣ ಮಸೂರದಿಂದಲೇ ಮಂದ ಬೆಳಕಿನಲ್ಲಿ ಚಿತ್ರ ತೆಗೆಯಬಲ್ಲವು. ಆದ್ದರಿಂದ ಅಂದಿನ ಅಗತ್ಯ ಬಹುಮಟ್ಟಿಗೆ ತೀರಿಹೋಗಿದೆ. ಬೆಲೆ ಮಾತ್ರ ಇಳಿಯಲಿಲ್ಲ. ಏಕೆಂದರೆ ಈಗ ಕೊಳ್ಳುವವರು ಬೆಳಕಿಗಾಗಿ ಕೊಳ್ಳುವುದಕ್ಕಿಂತ ಮಸುಕಿಗಾಗಿ ಕೊಳ್ಳುವುದೇ ಹೆಚ್ಚು. ಎಫ್ ೦.೯೫ರ ಆ ಲೈಕಾ ಮಸೂರದಿಂದ ಒಂದು ಮೀಟರು ದೂರದ ಮುಖವನ್ನು ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಎರಡು ಸೆಂಟಿಮೀಟರಿನಷ್ಟು ಮಾತ್ರ. ಕಣ್ಣು ನಿಚ್ಚಳ, ಕಿವಿ ಮಂಜು, ಹಿನ್ನೆಲೆಯ ದೀಪಗಳು ಕರಗಿ ತೇಲುವ ಗುಳ್ಳೆಗಳು. ನೋಡಲು ಸೊಗಸೇ, ಅಲ್ಲವೆನ್ನಲಾರೆ. ಆದರೆ ಸಾಲೊಮನ್ನನಿಗೆ ಬೇಕಾದದ್ದು ಮುಖಗಳ ಜೊತೆಗೆ ಆ ಕೋಣೆಯೂ ಆಗಿತ್ತು. ಈ ಮಂಜನ್ನು ನಡುಹಗಲಿನಲ್ಲಿಯೂ ಪಡೆಯಬೇಕೆನ್ನುವವರು ಕಿಂಡಿಯನ್ನು ಪೂರ್ತಿ ತೆರೆದಿಟ್ಟು, ಒಳನುಗ್ಗುವ ಬೆಳಕನ್ನು ತಗ್ಗಿಸಲು ಆ ದುಬಾರಿ ಮಸೂರದ ಮುಂದೆ ಕಪ್ಪು ಗಾಜಿನ ಬಿಲ್ಲೆಯೊಂದನ್ನು ತಿರುಗಿಸಿ ಕೂರಿಸುತ್ತಾರೆ.