ಬಾಗಿಲ ಸಂದಿನ ಚೀಟಿ: ಟೈರ್ ಅಳತೆಯ ನೂರು ವರ್ಷದ ಕತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕಾರಿನ ಡ್ರೈವರ್ ಕಡೆಯ ಬಾಗಿಲು ತೆಗೆದರೆ, ಬಾಗಿಲು ಬಂದು ಕೂರುವ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ಟೈರಿನ ಅಳತೆ, ಮುಂದಿನ ಚಕ್ರಕ್ಕೆ ಎಷ್ಟು ಗಾಳಿ, ಹಿಂದಿನದಕ್ಕೆ ಎಷ್ಟು ಗಾಳಿ, ಹೆಚ್ಚುಕಡಿಮೆ ಇಷ್ಟೇ ಅದರಲ್ಲಿ ಇರೋದು. ಹತ್ತು ವರ್ಷ ಓಡಿಸಿದ ಕಾರಿನಲ್ಲೂ ಅದನ್ನು ಒಮ್ಮೆಯೂ ಓದದವರು ಬೇಕಾದಷ್ಟು ಜನ ಇದ್ದಾರೆ. ಟೈರ್ ಸವೆದಾಗ ಅಂಗಡಿಗೆ ಹೋಗ್ತೀವಿ. "ಇದೇ ರಿಮ್ಮಿಗೆ ಸ್ವಲ್ಪ ದಪ್ಪದ್ದು ಹಾಕ್ಸಿ ಸಾರ್, ಗ್ರಿಪ್ ಚೆನ್ನಾಗಿರುತ್ತೆ" ಅಂತಾರೆ, ನಾವು ಹೂಂ ಅಂತೀವಿ. ಆ ಚೀಟಿ ಅಲ್ಲಿಗೆ ಬಂದು ಅಂಟಿಕೊಳ್ಳೋಕೆ ಮುಂಚೆ ಏನೇನು ನಡೀತು ಅನ್ನೋದೇ ಇವತ್ತಿನ ಮಾತು.

ಮೊದಲು ಅಳತೆಯ ಭಾಷೆ. ಟೈರಿನ ಪಕ್ಕೆಯಲ್ಲಿ 165/80 ಆರ್14 ಅಂತ ಇದೆ ಅಂದುಕೊಳ್ಳಿ. 165 ಅಂದ್ರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದ್ರೆ ಪಕ್ಕೆಯ ಎತ್ತರ ಆ ಅಗಲದ ಶೇಕಡ 80ರಷ್ಟು. ಆರ್ ಅಂದ್ರೆ ರೇಡಿಯಲ್. 14 ಅಂದ್ರೆ ರಿಮ್ಮಿನ ವ್ಯಾಸ, ಅದು ಇಂಚಿನಲ್ಲಿ! ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಇಂಚು. ಸೇರು, ಗಜ, ಗುಂಟೆ ಮೂರನ್ನೂ ಒಂದೇ ರಸೀತಿಯಲ್ಲಿ ಬರೆದ ಹಾಗೆ. ಯಾರೋ ಕೂತು ಯೋಚಿಸಿ ಮಾಡಿದ ಪದ್ಧತಿ ಇದಲ್ಲ. ಒಂದರ ಮೇಲೊಂದು ಕಾಲ ಕೂತು ಕೂತು ಹೀಗಾಗಿದೆ.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಅದು ಯಾರಿಗೂ ಬೇಕಾಗಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರುಚಕ್ರದ ಸೈಕಲ್ಲಿಗೆ ಮಾಡಿದ್ದು ಗೆದ್ದಿತು. ಇದು ಹೆಚ್ಚಿನವರಿಗೆ ಗೊತ್ತಿರೋ ಕತೆ, ಬಿಡಿ. ನಮಗೆ ಬೇಕಾದ್ದು ಆಮೇಲಿನದು.

ಫೋರ್ಡ್ ಮಾಡೆಲ್ ಟಿ ಕಾರಿನ ಮೊದಮೊದಲ ಟೈರುಗಳ ಮೇಲೆ ಬರೆದಿದ್ದು ಮುಂದಕ್ಕೆ 30x3, ಹಿಂದಕ್ಕೆ 30x3½. ಇಲ್ಲಿ 30 ಇಂಚು ರಿಮ್ ಅಲ್ಲ, ಟೈರಿನ ಹೊರ ವ್ಯಾಸ. ರಿಮ್ ಬೇಕಾದರೆ ನೀವೇ ಕಳೆಯಬೇಕು. ಎರಡು ಕಡೆ ಮೂರು ಮೂರು ಇಂಚು ಕಳೆದರೆ ಮುಂದಿನ ರಿಮ್ 24 ಇಂಚು, ಮೂರೂವರೆ ಕಳೆದರೆ ಹಿಂದಿನದು 23. ಒಂದೇ ಕಾರಿಗೆ ಎರಡು ರಿಮ್! ಮುಂದಿನ ಟೈರು ಹಿಂದಕ್ಕೆ ಆಗಲ್ಲ, ಹಿಂದಿನದು ಮುಂದಕ್ಕೆ ಆಗಲ್ಲ.

ಇದೇ ಕಾಲದ ಇನ್ನೊಂದು ಕತೆ ನಮ್ಮ ನಾಲಿಗೆಯ ಮೇಲೇ ಇದೆ. 1904ರಲ್ಲಿ ವೇಲ್ಸಿನ ಲನೆಲ್ಲಿ ಊರಿನ ಡೇವಿಸ್ ಸಹೋದರರು ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಕಚ್ಚಿಸಿ ಬಿಗಿಯುವ, ಗಾಳಿ ತುಂಬಿದ ಟೈರ್ ಸಮೇತದ ಒಂದು ರಿಮ್ ಮಾಡಿದರು. ಅವರ ಅಂಗಡಿ ಇದ್ದ ಬೀದಿ ಸ್ಟೆಪ್ನಿ ಸ್ಟ್ರೀಟ್. ಇಂಗ್ಲೆಂಡಿನಲ್ಲಿ ಆ ಹೆಸರು ಸವೆದು ಹೋಯ್ತು. ಮಂಡ್ಯದ ಪಂಕ್ಚರ್ ಅಂಗಡಿಯಲ್ಲಿ ಇವತ್ತಿಗೂ "ಸ್ಟೆಪ್ನಿ ತೆಗೀರಿ ಸಾರ್" ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ.

1923ರ ಹೊತ್ತಿಗೆ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಬಲೂನ್ ಟೈರ್ ತಂದಿತು: ಅಗಲ ಜಾಸ್ತಿ, ಗಾಳಿಯ ಒತ್ತಡ ಕಡಿಮೆ, ಸವಾರಿ ಮೆತ್ತಗೆ. ಮಾಡೆಲ್ ಟಿಗೂ ಅದು ಬಂತು, 29x4.40 ಅಂತ. ಈಗ ಕಳೆದು ನೋಡಿ, 20.2 ಇಂಚು ಬರುತ್ತೆ. ಆದರೆ ಅದು ಕೂರುತ್ತಿದ್ದ ರಿಮ್ 21 ಇಂಚಿನದು! ಹಳೇ ಲೆಕ್ಕ ಕೈಕೊಟ್ಟಿತು. ಆಮೇಲೆ ಬರೆಯುವ ಕ್ರಮವೇ ತಿರುಗಿತು. 1928ರ ಮಾಡೆಲ್ ಎ ಟೈರು 4.50-21: ಮೊದಲು ಅಗಲ, ಆಮೇಲೆ ರಿಮ್. ನಮ್ಮ ಅಂಬಾಸಿಡರಿನ 5.90-15, ಪ್ರೀಮಿಯರ್ ಪದ್ಮಿನಿಯ 5.20-14 ಇದೇ ವಂಶದವು. ಪಕ್ಕೆಯ ಎತ್ತರ ಎಷ್ಟು ಅಂತ ಅವುಗಳಲ್ಲಿ ಬರೆದಿಲ್ಲ. ಅಗಲದಷ್ಟೇ, ಇಲ್ಲಾಂದ್ರೆ ಸ್ವಲ್ಪ ಕಡಿಮೆ ಅಂತ ಎಲ್ಲರೂ ಒಪ್ಪಿಕೊಂಡಿದ್ದರು.

ಮಿಲಿಮೀಟರು ಬಂದಿದ್ದು ಫ್ರಾನ್ಸಿನಿಂದ. ಮಿಶೆಲಿನ್ ಕಂಪನಿ 1946ರಲ್ಲಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆದು 1949ರಲ್ಲಿ ಮಾರಾಟಕ್ಕೆ ತಂದಿತು. ಅಗಲವನ್ನು ಮಿಲಿಮೀಟರಿನಲ್ಲಿ ಹೇಳೋದು ರೇಡಿಯಲ್ ಜೊತೆ ಜಗತ್ತೆಲ್ಲ ಹರಡಿತು. ಆದರೆ ರಿಮ್ ಮಾತ್ರ ಇಂಚಿನಿಂದ ಅಲುಗಲಿಲ್ಲ. ಮಿಶೆಲಿನ್ ಪ್ರಯತ್ನ ಮಾಡದೆ ಇರಲಿಲ್ಲ. ಸಿಟ್ರೊಯೆನ್ ಟ್ರಾಕ್ಷನ್ ಅವಾಂ ಕಾರಿಗೆ 165-400 ಅಂತ 400 ಮಿಲಿಮೀಟರ್ ರಿಮ್ ಇತ್ತು. 1975ರಲ್ಲಿ ಟಿಆರ್‌ಎಕ್ಸ್ ಹೆಸರಿನಲ್ಲಿ ಮತ್ತೆ ಒಂದು ಕೈ ನೋಡಿತು. ಈ ಸಲ 390 ಮಿಲಿಮೀಟರ್, ಅಂದ್ರೆ 15.35 ಇಂಚು. ರಿಮ್ಮಿನ ಅಂಚಿನ ಆಕಾರವೂ ಬೇರೆ. 1979ರ ಫೋರ್ಡ್ ಮಸ್ಟಾಂಗ್, ಬಿಎಂಡಬ್ಲ್ಯು 5 ಸರಣಿಯ ಕೆಲವು ಕಾರುಗಳಿಗೆಲ್ಲ ಇದು ಬಂತು. ಸವಾರಿ ಚೆನ್ನಾಗಿತ್ತು ಅಂತಲೇ ಓಡಿಸಿದವರು ಹೇಳ್ತಿದ್ದರು. ಆದರೆ ಟೈರ್ ಸವೆದ ದಿನ ಮಾಲೀಕ ಸಿಕ್ಕಿಹಾಕಿಕೊಳ್ಳುತ್ತಿದ್ದ. 15 ಇಂಚಿನದು ಹಿಡಿಸಲ್ಲ, 16 ಇಂಚಿನದು ಸಡಿಲ. ಆ ಹಳೇ ಕಾರುಗಳನ್ನು ಇಟ್ಟುಕೊಂಡವರು ಇವತ್ತಿಗೂ ಒಂದೋ ದುಬಾರಿ ಟಿಆರ್‌ಎಕ್ಸ್ ಕೊಳ್ಳಬೇಕು, ಇಲ್ಲಾ ನಾಲ್ಕು ಚಕ್ರವನ್ನೇ ಬದಲಾಯಿಸಬೇಕು. ಮಿಶೆಲಿನ್ ಅಂಥ ದೈತ್ಯನಿಗೂ ಇಂಚನ್ನು ಅಲುಗಾಡಿಸೋಕೆ ಆಗಲಿಲ್ಲ.

ಭಾರತದಲ್ಲಿ ಡನ್ಲಪ್ ಕಾರ್ಖಾನೆ ಬಂಗಾಳದ ಸಾಹಾಗಂಜಿನಲ್ಲಿ 1936ರಲ್ಲೇ ಶುರುವಾಯ್ತು. ರೇಡಿಯಲ್ ಬರೋದಕ್ಕೆ ಮಾತ್ರ 1977 ಆಗಬೇಕಾಯ್ತು, ಜೆಕೆ ಟೈರ್ ತಂದಿತು. ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಅದೇ ಜೆಕೆ ಕೈಗೆ ಹೋಯ್ತು. ನಡುವಿನ ವರ್ಷಗಳಲ್ಲಿ ರಸ್ತೆಯ ಮೇಲೆ ಎರಡೂ ಜಾತಿಯ ಟೈರು ಓಡುತ್ತಿದ್ದವು. ಒಂದೇ ಕಾರಿನಲ್ಲಿ ಎರಡನ್ನೂ ಬೆರೆಸೋದು ಅಪಾಯ. ಮುಂದೆ ರೇಡಿಯಲ್, ಹಿಂದೆ ಹಳೇ ಕ್ರಾಸ್‌ಪ್ಲೈ ಹಾಕಿದರೆ ತಿರುವಿನಲ್ಲಿ ಹಿಂಭಾಗ ಮೊದಲು ಜಾರುತ್ತೆ. ಬ್ರಿಟನ್ನಿನಲ್ಲಿ ಹಾಗೆ ಹಾಕೋದು ಕಾನೂನಿಗೇ ವಿರುದ್ಧ.

ಈಗ ಚೀಟಿಯ ವಿಷಯಕ್ಕೆ ಬರೋಣ. 1960ರ ದಶಕದ ಅಮೆರಿಕ. ಆರು ಜನ ಕೂರಬಹುದು ಅಂತ ಜಾಹೀರಾತು ಕೊಟ್ಟು ಮಾರಿದ ದೊಡ್ಡ ಕಾರುಗಳು. ಆರು ಜನ ಕೂತು ಡಿಕ್ಕಿಗೆ ಸಾಮಾನು ತುಂಬಿದರೆ, ಕಾರ್ಖಾನೆಯೇ ಹಾಕಿಕೊಟ್ಟ ಟೈರುಗಳು ಹೊರಬೇಕಾದ್ದಕ್ಕಿಂತ ಹೆಚ್ಚು ಭಾರ ಹೊರುತ್ತಿದ್ದವು. ಟೈರಿನಲ್ಲಿ ಉಳಿಸಿದ ನಾಲ್ಕು ಕಾಸು ಕಂಪನಿಗೆ ಲಾಭ. ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಗೇಲಾರ್ಡ್ ನೆಲ್ಸನ್ ಇದರ ಬೆನ್ನು ಹತ್ತಿದರು. 1970ರಲ್ಲಿ ಭೂಮಿ ದಿನ ಶುರು ಮಾಡಿದ್ದೂ ಇದೇ ನೆಲ್ಸನ್. ಅವರ ಟೈರ್ ಹೋರಾಟ ಮಾತ್ರ ಜನಕ್ಕೆ ಮರೆತು ಹೋಗಿದೆ. 1966ರಲ್ಲಿ ವಾಹನ ಸುರಕ್ಷತಾ ಕಾಯ್ದೆ ಬಂತು. 1968ರಿಂದ ಜಾರಿಯಾದ ನಿಯಮಗಳಲ್ಲಿ ಒಂದರ ಹೆಸರೇ ಟೈರ್ ಆಯ್ಕೆ ಮತ್ತು ರಿಮ್. ಕಾರು ಎಷ್ಟು ಭಾರ ಹೊರಬಹುದು, ಅದಕ್ಕೆ ಯಾವ ಅಳತೆಯ ಟೈರು, ಎಷ್ಟು ಗಾಳಿ ಅನ್ನೋದನ್ನು ಕಾರಿನಲ್ಲೇ ಅಂಟಿಸಬೇಕು ಅಂತ ಅದು ಹೇಳಿತು. ಚೀಟಿ ಹುಟ್ಟಿದ್ದು ಹೀಗೆ.

ಆದರೆ ಚೀಟಿ ಇದ್ದ ಮಾತ್ರಕ್ಕೆ ಆಯ್ತಾ? ಫೋರ್ಡ್ ಎಕ್ಸ್‌ಪ್ಲೋರರ್ ಕಾರಿಗೆ ಬರುತ್ತಿದ್ದ 235/75 ಆರ್15 ಅಳತೆಯ ಫೈರ್‌ಸ್ಟೋನ್ ಟೈರುಗಳಲ್ಲಿ ನೆಲ ಮುಟ್ಟುವ ಪದರ ಕಿತ್ತು ಬರತೊಡಗಿತು. ಕಾರು ಪಲ್ಟಿ ಹೊಡೆಯುತ್ತಿತ್ತು. ಚೀಟಿಯಲ್ಲಿ ಫೋರ್ಡ್ ಬರೆದಿದ್ದ ಗಾಳಿ 26 ಪಿಎಸ್ಐ. ಫೈರ್‌ಸ್ಟೋನ್ 30 ಇರಬೇಕು ಅಂದಿತು. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತೆ, ಬಾಗಿ ಬಾಗಿ ಕಾಯುತ್ತೆ, ಕಾದ ರಬ್ಬರು ಒಳಗಿನ ಉಕ್ಕಿನ ತಂತಿಯಿಂದ ಬಿಡುತ್ತೆ. ತಪ್ಪು ಟೈರಿನದೋ ಕಾರಿನದೋ ಅಂತ ಎರಡು ಕಂಪನಿಗಳು ಬಹಿರಂಗವಾಗಿ ಕಚ್ಚಾಡಿದವು. 2000ದ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿದರು. ಸತ್ತವರು 200ಕ್ಕೂ ಹೆಚ್ಚು. ಆಗ ಫೋರ್ಡ್ ಅಧ್ಯಕ್ಷರಾಗಿದ್ದ ವಿಲಿಯಂ ಕ್ಲೇ ಫೋರ್ಡ್ ಜೂನಿಯರ್ ತಾಯಿಯ ಕಡೆಯಿಂದ ಹಾರ್ವಿ ಫೈರ್‌ಸ್ಟೋನರ ಮರಿಮಗ. ಇದ್ದ ಸಂಬಂಧ 2001ರಲ್ಲಿ ಮುರಿದು ಬಿತ್ತು.

ಅದೇ 2000ದಲ್ಲಿ ಬಂದ ಹೊಸ ಕಾಯ್ದೆಯ ಫಲವಾಗಿ ಟೈರಿನ ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಬೇಕು ಅನ್ನೋ ನಿಯಮ ಅಮೆರಿಕದಲ್ಲಿ ಬಂತು. ಅಲ್ಲಿಯವರೆಗೆ ಗ್ಲೋವ್ ಬಾಕ್ಸ್ ಒಳಗೋ ಪೆಟ್ರೋಲ್ ಮುಚ್ಚಳದ ಹಿಂದೋ ಅವಿತಿರುತ್ತಿದ್ದ ಚೀಟಿ ಡ್ರೈವರ್ ಬಾಗಿಲ ಕಂಬಕ್ಕೆ ಬಂದು ಕೂತಿದ್ದೂ ಇದಾದ ಮೇಲೇ.

ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 95ನೇ ನಿಯಮ ಟೈರಿನ ಅಳತೆ ಮತ್ತು ಅದು ಹೊರುವ ಭಾರದ ಬಗ್ಗೆ ಹೇಳುತ್ತೆ. ನಿಯಮ ಇದೆ, ಅಂಗಡಿಯ ಮುಂದೆ ನಿಂತಾಗ ಲೆಕ್ಕ ಮಾಡಬೇಕಾದವರು ನಾವೇ. ಮಾರುತಿ 800ಕ್ಕೆ ಕಂಪನಿ ಕೊಟ್ಟಿದ್ದು 145/70 ಆರ್12. ಆಲ್ಟೊಗೆ 145/80 ಆರ್12. ರಿಮ್ ಒಂದೇ 12 ಇಂಚು, ಹಾಗಾಗಿ 800ಕ್ಕೆ ಆಲ್ಟೊ ಟೈರು ಆರಾಮಾಗಿ ಕೂರುತ್ತೆ. ಹೊರ ವ್ಯಾಸ ಲೆಕ್ಕ ಹಾಕಿ: ಮೊದಲನೆಯದು 508 ಮಿಲಿಮೀಟರ್, ಎರಡನೆಯದು 537. ಶೇಕಡ 5.7 ಹೆಚ್ಚು. ಮೀಟರು 60 ತೋರಿಸುವಾಗ ಕಾರು 63 ದಾಟಿರುತ್ತೆ.

ಕಂಪನಿಯವರು ಇದನ್ನು ಹೇಗೆ ಮಾಡ್ತಾರೆ ನೋಡಿ. ಸ್ವಿಫ್ಟ್ ಕಾರಿಗೆ ಒಂದು ಕಾಲದಲ್ಲಿ ಕಡಿಮೆ ಬೆಲೆಯ ಮಾದರಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15 ಇತ್ತು. ಹೊರ ವ್ಯಾಸದ ವ್ಯತ್ಯಾಸ ಬರೀ 2 ಮಿಲಿಮೀಟರ್. ರಿಮ್ ಒಂದಿಂಚು ಏರಿಸಿದ್ದಾರೆ, ಪಕ್ಕೆ ಅಷ್ಟೇ ಇಳಿಸಿದ್ದಾರೆ. ಅದೇ 14ರ ರಿಮ್ ಉಳಿಸಿಕೊಂಡು ಅಗಲ ಬೇಕು ಅನ್ನೋರಿಗೆ 185/70 ಆರ್14 ಇದೆ. ವ್ಯಾಸ 5 ಮಿಲಿಮೀಟರ್ ಕಡಿಮೆ, ಶೇಕಡ ಒಂದೂ ಇಲ್ಲ. 5 ಇಂಚು ಅಗಲದ ರಿಮ್ಮಿಗೆ ಅದು ಒಗ್ಗುತ್ತೆ ಕೂಡ. 205/65ರಂಥ ಟೈರು ಒಗ್ಗಲ್ಲ, ಅದಕ್ಕೆ ರಿಮ್ಮಿನ ಅಗಲ ಕನಿಷ್ಠ 5.5 ಇಂಚು ಬೇಕು. ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರು ಬಲ್ಬಿನ ಹಾಗೆ ಉಬ್ಬುತ್ತೆ. ನೋಡೋಕೆ ಗಟ್ಟಿ, ತಿರುವಿನಲ್ಲಿ ಪಕ್ಕೆ ತೂಗಾಡುತ್ತೆ.

ದಪ್ಪದ ಟೈರಿಗಿಂತ ನನಗೆ ಹೆಚ್ಚು ಹೆದರಿಕೆ ಇನ್ನೊಂದರ ಮೇಲೆ, ಅಗ್ಗದ ಟೈರಿನ ಮೇಲೆ. 165/80 ಆರ್14ರ ಪಕ್ಕ 85 ಅಂತ ಬರೆದಿರುತ್ತೆ. ಅದು ಭಾರದ ಸಂಕೇತ, ಒಂದು ಟೈರು 515 ಕಿಲೋ ಹೊರಬಲ್ಲದು ಅಂತ. ಸಣ್ಣ ಕಾರುಗಳಿಗೆ ಬರುವ 165/65 ಆರ್14ರ ಮೇಲೆ ಸಾಮಾನ್ಯವಾಗಿ 79 ಇರುತ್ತೆ, ಅಂದ್ರೆ 437 ಕಿಲೋ. ಅಗಲ ಅದೇ, ರಿಮ್ ಅದೇ, ಸಲೀಸಾಗಿ ಹತ್ತಿಕೊಳ್ಳುತ್ತೆ, ರಸ್ತೆಗಿಳಿದರೆ ಯಾರಿಗೂ ಗೊತ್ತಾಗಲ್ಲ. ನಾಲ್ಕು ಟೈರಿಗೆ ಸೇರಿ 312 ಕಿಲೋ ಕಡಿಮೆ. ಧರ್ಮಸ್ಥಳಕ್ಕೆ ಅಂತ ಮನೆಮಂದಿ ಐದು ಜನ ಕೂತು, ಡಿಕ್ಕಿ ತುಂಬಿ, ಮೇ ತಿಂಗಳ ಮಧ್ಯಾಹ್ನ ಹೆದ್ದಾರಿಯಲ್ಲಿ ಹೊರಟಾಗ ಕಂಪನಿ ಇಟ್ಟಿದ್ದ ಆ 312 ಕಿಲೋ ಅಂತರ ಕಾರಿನ ಕೆಳಗೆ ಇರೋದಿಲ್ಲ.