ಗಾಳಿ ಹಿಡಿದಿಟ್ಟವರ ಕಥೆ: ಆಲ್ಪ್ಸ್ ಸುರಂಗದಿಂದ ನಿಮ್ಮ ಗ್ಯಾರೇಜಿನವರೆಗೆ

(ಪಾಡ್‌ಕಾಸ್ಟ್‌ನ ಬರಹ ರೂಪ)

ಪಂಕ್ಚರ್ ಅಂಗಡಿ ಮುಂದೆ ನಿಂತಾಗ ಆ ಡಬಡಬ ಸದ್ದು ಕೇಳಿರ್ತೀರಲ್ಲ? ಮೂಲೆಯಲ್ಲಿ ಒಂದು ಟ್ಯಾಂಕ್, ಮೇಲೆ ಮೋಟಾರು, ಪಕ್ಕದಲ್ಲಿ ಬೆಲ್ಟು. ಏರ್ ಕಂಪ್ರೆಸರ್. ಇವತ್ತಿನ ಕಥೆ ಅದರದ್ದೇ. ಸಾಲ ಮಾಡಿ ಗ್ಯಾರೇಜ್, ಪೇಂಟಿಂಗ್ ಶಾಪ್ ಅಥವಾ ಮರಗೆಲಸದ ಶೆಡ್ ಹಾಕೋ ಯೋಚನೆಯಲ್ಲಿದ್ದರೆ ಕೊನೆವರೆಗೂ ಕೇಳಿ. ಇದರಲ್ಲಿ ನಿಮ್ಮ ದುಡ್ಡಿನ ಲೆಕ್ಕವೂ ಇದೆ.

ಗಾಳಿಯಿಂದ ಕೆಲಸ ಮಾಡಿಸೋದು ಹೊಸದೇನಲ್ಲ. ಕಮ್ಮಾರರ ಕುಲುಮೆಯ ತಿದಿ ಸಾವಿರಾರು ವರ್ಷ ಹಳೆಯದು. ಆದರೆ ತಿದಿ ಗಾಳಿಯನ್ನು ಊದುತ್ತದೆ ಅಷ್ಟೇ, ಒತ್ತಿ ಕೂಡಿಡುವುದಿಲ್ಲ. ಒತ್ತಿದ ಗಾಳಿಯನ್ನು ಪೈಪಿನಲ್ಲಿ ದೂರ ಕಳಿಸಿ, ಅಲ್ಲಿ ಅದರಿಂದ ಬಂಡೆ ಒಡೆಸಬಹುದು ಅಂತ ಜಗತ್ತಿಗೆ ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟದ್ದು ಒಂದು ಸುರಂಗ.

1857. ಫ್ರಾನ್ಸ್ ಮತ್ತು ಇಟಲಿ ನಡುವೆ ಆಲ್ಪ್ಸ್ ಬೆಟ್ಟದ ಕೆಳಗೆ ರೈಲು ಸುರಂಗ ಶುರುವಾಯ್ತು. ಉದ್ದ ಸುಮಾರು 13 ಕಿ.ಮೀ. ಮೊದಮೊದಲು ಕೈಯಲ್ಲೇ ಉಳಿ, ಸುತ್ತಿಗೆ. ದಿನವಿಡೀ ಬಡಿದರೂ ಒಂದು ಗೇಣು ಮುಂದೆ ಹೋದರೆ ಹೆಚ್ಚು. ಹಾಗಾದರೆ ಉಗಿಯಂತ್ರ ಒಳಗೆ ಇಡಬಹುದಿತ್ತಲ್ಲ? ಇಟ್ಟರೆ ಹೊಗೆಗೆ ಕೆಲಸಗಾರರು ಉಸಿರು ಕಟ್ಟಿ ಸಾಯುತ್ತಿದ್ದರು. ಹೊರಗಿಟ್ಟು ಪೈಪಿನಲ್ಲಿ ಉಗಿ ಕಳಿಸಿದರೆ ದಾರಿಯಲ್ಲೇ ತಣ್ಣಗಾಗಿ ನೀರಾಗುತ್ತಿತ್ತು.

ಜರ್ಮೈನ್ ಸೊಮೆಯೆ ಎಂಬ ಎಂಜಿನಿಯರ್ ಗಾಳಿಯ ದಾರಿ ಹಿಡಿದ. ಬೆಟ್ಟದ ನೀರಿನ ಬಲದಿಂದ ಸುರಂಗದ ಬಾಯಲ್ಲೇ ಗಾಳಿ ಒತ್ತಿ, ಪೈಪಿನಲ್ಲಿ ಒಳಗೆ ಕಳಿಸಿ, ಅದರಿಂದ ಡ್ರಿಲ್ ಓಡಿಸಿದ. 1861ರಲ್ಲಿ ಯಂತ್ರಗಳು ಕೆಲಸ ಶುರು ಮಾಡಿದವು. ಡ್ರಿಲ್‌ನಿಂದ ಹೊರಬಂದ ಗಾಳಿಯೇ ಕೆಲಸಗಾರರಿಗೆ ಉಸಿರೂ ಆಯ್ತು! ಮಜಾ ಏನು ಗೊತ್ತಾ? ಅವನೂ ಮೊದಲ ಸಲಕ್ಕೇ ಸರಿಯಾದ ಕಂಪ್ರೆಸರ್ ಆರಿಸಲಿಲ್ಲ. ನೀರಿನ ಕಂಬ ಬಿದ್ದು ಗಾಳಿ ಒತ್ತುವ ಯಂತ್ರದಿಂದ ಶುರು ಮಾಡಿ, ಆಮೇಲೆ ನೀರಿನ ಚಕ್ರದಿಂದ ನಡೆಯುವ ಪಂಪ್ ಮಾದರಿಗೆ ಬದಲಾದ. 1870ರ ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ನಡುವೆ ಸಂಧಿಸಿದರು. 1871ರ ಸೆಪ್ಟೆಂಬರ್‌ನಲ್ಲಿ ಸುರಂಗ ತೆರೆಯಿತು. ಅದನ್ನು ನೋಡೋಕೆ ಸೊಮೆಯೆ ಇರಲಿಲ್ಲ. ಅದೇ ವರ್ಷದ ಜುಲೈನಲ್ಲಿ ತೀರಿಕೊಂಡಿದ್ದ.

ಆ ಗಾಳಿ ನಮ್ಮ ಕೋಲಾರಕ್ಕೂ ಬಂತು. 1880ರಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿದ್ದ ಕೆಜಿಎಫ್ ಗಣಿಗಳಲ್ಲಿ ಗಾಳಿಯ ಡ್ರಿಲ್‌ಗಳು ಬಂಡೆ ಕೊರೆದವು. 1902ರಲ್ಲಿ ಸುಮಾರು 150 ಕಿ.ಮೀ. ದೂರದ ಶಿವನಸಮುದ್ರದಿಂದ ಕರೆಂಟ್ ಬಂತು. ಗಣಿ 3 ಕಿ.ಮೀ.ಗೂ ಆಳಕ್ಕೆ ಇಳಿಯಿತು. ಆದರೆ ಈ ವೇಗಕ್ಕೆ ಬೆಲೆ ಕೊಟ್ಟದ್ದು ಕೆಲಸಗಾರರ ಶ್ವಾಸಕೋಶ. ಒಣ ಬಂಡೆ ಕೊರೆದಾಗ ಏಳುವ ಕಲ್ಲಿನ ನುಣ್ಣನೆ ದೂಳು ಎದೆಗೆ ಹೋಗಿ ಸಿಲಿಕೋಸಿಸ್ ತಂತು. ಅಮೆರಿಕದಲ್ಲಿ ಇಂಥ ಡ್ರಿಲ್‌ಗೆ ಗಣಿಯವರೇ ಇಟ್ಟ ಅಡ್ಡಹೆಸರು ‘ವಿಧವೆಯರನ್ನು ಮಾಡುವ ಯಂತ್ರ’. ಕೊರೆಯುವಾಗಲೇ ನೀರು ಹಾಯಿಸುವ ಡ್ರಿಲ್‌ಗಳು ಬಂದ ಮೇಲೆ ದೂಳು ಕಡಿಮೆಯಾಯ್ತು.

ಈಗ ನಿಮ್ಮ ಶೆಡ್‌ಗೆ ಬರೋಣ. ಸೊಮೆಯೆ ಕೇಳಿಕೊಂಡ ಪ್ರಶ್ನೆಯನ್ನೇ ನೀವೂ ಕೇಳಿಕೊಳ್ಳಬೇಕು: ನನ್ನ ಉಪಕರಣಕ್ಕೆ ನಿಮಿಷಕ್ಕೆ ಎಷ್ಟು ಗಾಳಿ ಬೇಕು?

ಅಂಗಡಿಯಲ್ಲಿ ಮೊದಲು ತೋರಿಸೋದು ಟ್ಯಾಂಕ್ ಸೈಜು, ಎಚ್‌ಪಿ. ನನ್ನ ಗೆಳೆಯನೊಬ್ಬ ಹಾಗೇ ಮೋಸಹೋದ. ಬೈಕ್ ಪೇಂಟಿಂಗ್‌ಗೆ ಅಂತ 1 ಎಚ್‌ಪಿ, 50 ಲೀಟರ್ ಟ್ಯಾಂಕಿನದು ತಂದ. ಲೆಕ್ಕ ನೋಡಿ. ಅವನ ಸ್ಪ್ರೇ ಗನ್‌ಗೆ ಬೇಕಾದದ್ದು 10 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಸುಮಾರು 280 ಲೀಟರ್. ಪಂಪ್ ಕೊಡೋದು 100ರ ಆಸುಪಾಸು. ಟ್ಯಾಂಕ್ 8 ಬಾರ್‌ನಿಂದ 4 ಬಾರ್‌ಗೆ ಇಳಿಯುವಷ್ಟರಲ್ಲಿ ಸಿಗೋದು 200 ಲೀಟರ್ ಗಾಳಿ. ನಿಮಿಷಕ್ಕೆ 180 ಲೀಟರ್ ಕೊರತೆ. ಅಂದರೆ ಒಂದು ನಿಮಿಷ ಚೂರು ದಾಟಿದರೆ ಒತ್ತಡ ಖಾಲಿ! ಟ್ಯಾಂಕ್ ಅರ್ಧ ಬಣ್ಣ ಹೊಡೆದು ನಿಂತ. ಬಣ್ಣವೂ ಹಾಳು, ಗಿರಾಕಿಯೂ ಹೋದ.

ಅದಕ್ಕೇ, ಟೈರಿಗೆ ಗಾಳಿ ತುಂಬೋಕೆ, ಸಣ್ಣ ಮೊಳೆ ಗನ್‌ಗೆ ಚಿಕ್ಕ ಕಂಪ್ರೆಸರ್ ಧಾರಾಳ ಸಾಕು. ಪೇಂಟ್, ಗ್ರೈಂಡಿಂಗ್, ಸ್ಯಾಂಡಿಂಗ್ ಇದ್ದರೆ ಗನ್ ಮೇಲೆ ಬರೆದ ಸಿಎಫ್‌ಎಂ ಮೊದಲು ಓದಿ, ಅದಕ್ಕಿಂತ ಕಾಲು ಭಾಗ ಜಾಸ್ತಿ ಕೊಡುವ ಪಂಪ್ ಆರಿಸಿ. ಲೇಬಲ್‌ನಲ್ಲಿ ‘ಡಿಸ್‌ಪ್ಲೇಸ್‌ಮೆಂಟ್’ ಅಂತ ಇದ್ದರೆ ಹುಷಾರು. ನಿಜವಾಗಿ ಹೊರಬರುವ ಗಾಳಿ, ಅಂದರೆ ‘ಎಫ್‌ಎಡಿ’, ಅದಕ್ಕಿಂತ ಸಾಕಷ್ಟು ಕಡಿಮೆ. ಆಯಿಲ್ ಇಲ್ಲದ್ದು ನೋಡಿಕೊಳ್ಳೋಕೆ ಸುಲಭ, ಆದರೆ ಸಾಮಾನ್ಯವಾಗಿ ಸದ್ದು ಹೆಚ್ಚು, ಬಾಳಿಕೆ ಕಡಿಮೆ. ದಿನವಿಡೀ ದುಡಿಸುವವರಿಗೆ ಆಯಿಲ್ ಹಾಕುವ ಬೆಲ್ಟ್ ಮಾದರಿಯೇ ವಾಸಿ. ದೊಡ್ಡ ಮೋಟಾರು ಬೇಕಾದರೆ ಶೆಡ್‌ಗೆ ತ್ರೀ ಫೇಸ್ ಇದೆಯಾ ಅಂತ ಮೊದಲೇ ವಿಚಾರಿಸಿ.

ಇನ್ನೊಂದು ಮಾತು. ಒತ್ತಿದ ಗಾಳಿ ಟ್ಯಾಂಕಿನಲ್ಲಿ ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗಿ ತಳ ಸೇರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ದಿನಾ ಸಂಜೆ ಕೆಳಗಿನ ಕಾಕ್ ತಿರುಗಿಸಿ ನೀರು ಬಿಡಿ. ಬಿಡದಿದ್ದರೆ ಟ್ಯಾಂಕ್ ಒಳಗಿಂದ ತುಕ್ಕು ಹಿಡಿದು, ಒಂದು ದಿನ ಸಿಡಿಯಲೂಬಹುದು. ಸೇಫ್ಟಿ ವಾಲ್ವ್ ಬಿಗಿದು ಮುಚ್ಚಬೇಡಿ. ಪಿವಿಸಿ ಪೈಪಿನಲ್ಲಿ ಗಾಳಿ ಎಳೆಯಬೇಡಿ, ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ತಮಾಷೆಗೂ ಯಾರ ಮೈಗೂ ಗಾಳಿ ಬಿಡಬೇಡಿ. ಪೇಂಟ್ ಹೊಡೆಯುವಾಗ, ಸ್ಯಾಂಡಿಂಗ್ ಮಾಡುವಾಗ ಮಾಸ್ಕ್ ಹಾಕಿ.

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಕೆಲಸಗಾರರಿಗೆ ಯಂತ್ರ ಆರಿಸುವ ಅವಕಾಶ ಇರಲಿಲ್ಲ, ಕೊಟ್ಟದ್ದನ್ನು ಹಿಡಿದು ಇಳಿದರು. ನಿಮಗೆ ಆ ಅವಕಾಶ ಇದೆ. ಲೆಕ್ಕ ಹಾಕಿ ತಗೊಳ್ಳಿ.

ಮುಂದಿನ ವಾರ ಸಿಗೋಣ.