ಪಿಎಫ್ ಖಾತೆ ಕಂಪನಿ ದಾಟಿದ ಕತೆ

ಹಳೇ ಪಿಎಫ್ ಚೀಟಿ ಯಾರ ಮನೆಯಲ್ಲಾದರೂ ಸಿಕ್ಕರೆ ಅದರ ನಂಬರನ್ನೊಮ್ಮೆ ಗಮನಿಸಿ. ಶುರುವಿನಲ್ಲಿ ಕೆಎನ್ ಅನ್ನೋ ಎರಡಕ್ಷರ, ಅಂದ್ರೆ ಕರ್ನಾಟಕ. ಆಮೇಲೆ ಕಂಪನಿಗೆ ಕೊಟ್ಟ ಸಂಖ್ಯೆ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ, ಆ ಕಂಪನಿಯ ಎಷ್ಟನೇ ಆಳು ನೀವು ಅನ್ನೋ ಸಂಖ್ಯೆ. ಡೇಟಾಬೇಸ್ ಕೆಲಸ ಮಾಡಿದವರಿಗೆ ಇದನ್ನು ನೋಡಿದ ತಕ್ಷಣ ಕೈ ತುರಿಸುತ್ತೆ. ಮನುಷ್ಯನ ಗುರುತಿನೊಳಗೆ ಮಾಲೀಕನ ಗುರುತನ್ನು ಸೇರಿಸಿ ಹೊಲಿದುಬಿಟ್ಟಿದ್ದಾರೆ. ಮಾಲೀಕ ಬದಲಾದರೆ ಮನುಷ್ಯನೇ ಬೇರೆ ಆದ ಹಾಗೆ. ನಮ್ಮ ಟೀಮಿನಲ್ಲಿ ಯಾರಾದರೂ ಹೀಗೊಂದು ಟೇಬಲ್ ಮಾಡಿಕೊಂಡು ಬಂದರೆ ರಿವ್ಯೂನಲ್ಲೇ ವಾಪಸ್ ಕಳಿಸ್ತೀವಿ. ಈ ದೇಶದ ಕೋಟ್ಯಂತರ ಜನರ ಉಳಿತಾಯ ಮಾತ್ರ ಅರವತ್ತು ವರ್ಷ ಇದರ ಮೇಲೇ ನಡೆಯಿತು.

ಹಾಗಂತ ಮಾಡಿದವರು ದಡ್ಡರೇನಲ್ಲ. ಅವರ ಕಾಲವನ್ನು ನೋಡಬೇಕು. ನೌಕರರ ಭವಿಷ್ಯ ನಿಧಿ ಮೊದಲು ಬಂದದ್ದು ಸುಗ್ರೀವಾಜ್ಞೆಯಾಗಿ, 1951ರ ನವೆಂಬರ್ 15ರಂದು. ಮರುವರ್ಷ ಮಾರ್ಚಿನಲ್ಲಿ ಅದು ಕಾಯ್ದೆಯಾಯಿತು, ನವೆಂಬರಿನಿಂದ ಹಣ ಕಟ್ಟೋದು ಶುರುವಾಯಿತು. ಅದಕ್ಕೆ ಒಳಪಟ್ಟಿದ್ದು ಆರೇ ಆರು ಉದ್ಯಮ: ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್ ಸಾಮಾನು, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ. ಅದರಲ್ಲೂ 50 ಜನಕ್ಕಿಂತ ಕಡಿಮೆ ಇರುವ ಕಾರ್ಖಾನೆಗೆ ಅನ್ವಯಿಸದು, ಹುಟ್ಟಿ ಮೂರು ವರ್ಷ ಆಗಿರದ ಕಾರ್ಖಾನೆಗೂ ಅನ್ವಯಿಸದು. ಸಂಬಳದಿಂದ ಹಿಡಿಯುತ್ತಿದ್ದದ್ದು ನೂರಕ್ಕೆ 6.25. ಇದೆಂಥ ವಿಚಿತ್ರ ಸಂಖ್ಯೆ ಅಂತ ನನಗೆ ಬಹಳ ದಿನ ಅನ್ನಿಸುತ್ತಿತ್ತು. ಆಮೇಲೆ ಹೊಳೆಯಿತು, ರೂಪಾಯಿಗೆ ಹದಿನಾರಾಣೆ ಇದ್ದ ಕಾಲ ಅದು. ರೂಪಾಯಿಗೆ ಒಂದಾಣೆ, ಅಷ್ಟೇ ಲೆಕ್ಕ! ಕೂಲಿಯವನು ಒಂದಾಣೆ, ಮಾಲೀಕ ಒಂದಾಣೆ. ನೂರಕ್ಕೆ ಇಷ್ಟು ಅನ್ನೋದೇ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗಿತ್ತು.

ಆ ಕಾಲದಲ್ಲಿ ಒಂದು ಮಿಲ್ಲಿಗೆ ಸೇರಿದವನು ಅಲ್ಲೇ ಮುದುಕನಾಗುತ್ತಾನೆ ಅನ್ನೋದು ಎಲ್ಲರ ನಂಬಿಕೆ. ಬೆಂಗಳೂರನ್ನೇ ತಗೊಳ್ಳಿ. ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂತು. ಅಲ್ಲಿ ಸೇರಿದವರಿಗೆ ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ, ನಾಟಕ ಆಡೋಕೆ ಕನ್ನಡ ಸಂಘ. ಬಿಟ್ಟು ಹೋಗೋ ಮಾತೇ ಇರಲಿಲ್ಲ. ಬಿಟ್ಟು ಹೋಗೋದು ಒಂಥರಾ ತಪ್ಪು ಅನ್ನೋ ಭಾವನೆ ಪಿಎಫ್ ಸ್ಕೀಮಿನಲ್ಲೂ ಇತ್ತು. ಬೇಗ ಕೆಲಸ ಬಿಟ್ಟು ಹಣ ಕೇಳಿದವನಿಗೆ ಅವನದೇ ಪಾಲು ಪೂರ್ತಿ ಸಿಗುತ್ತಿತ್ತು, ಮಾಲೀಕನ ಪಾಲಿಗೆ ಕತ್ತರಿ ಬೀಳುತ್ತಿತ್ತು. ಸೇವೆ ಎಷ್ಟು ಕಡಿಮೆಯೋ ಕತ್ತರಿ ಅಷ್ಟು ದೊಡ್ಡದು. ಆ ಮುಟ್ಟುಗೋಲಿನ ಹಣಕ್ಕೇ ಒಂದು ಪ್ರತ್ಯೇಕ ಖಾತೆ ಇತ್ತು. ಈ ನಿಯಮ ಹೋಗಿ ಎಷ್ಟೋ ವರ್ಷ ಆಯಿತು, ಆದರೆ ಅದರ ಮನಸ್ಸು ಮಾತ್ರ ಫಾರಂಗಳಲ್ಲಿ ಉಳಿದುಕೊಂಡಿತು.

ಹಣ ವರ್ಗಾಯಿಸೋಕೆ ದಾರಿ ಇರಲಿಲ್ಲ ಅಂತಲ್ಲ. ಫಾರಂ 13 ಅಂತ ಒಂದಿತ್ತು. ಹೊಸ ಕಂಪನಿಯಲ್ಲಿ ಅದನ್ನು ತುಂಬಿ ಕೊಡಬೇಕು, ಹಳೇ ಕಂಪನಿಯ ನಂಬರು ಸರಿಯಾಗಿ ಬರೀಬೇಕು, ಸಹಿ ಹೊಂದಬೇಕು, ಹಳೇ ಪಿಎಫ್ ಆಫೀಸಿನವರು ಲೆಡ್ಜರ್ ತೆಗೆದು ಕೂಡಿಸಿ ಹೊಸ ಆಫೀಸಿಗೆ ಕಳಿಸಬೇಕು. ಬೆಂಗಳೂರಿನಿಂದ ಪುಣೆಗೆ ಹೋದವನ ಹಣ ಅವನ ಹಿಂದೆ ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಅವನು ಹೈದರಾಬಾದಿಗೆ ಹೋಗಿರುತ್ತಿದ್ದ. ಹಣ ಕಿತ್ತುಕೊಳ್ಳೋಕೆ ಬೇಕಿದ್ದದ್ದು ಫಾರಂ 19, ಪೆನ್ಷನ್ ಪಾಲಿಗೆ 10ಸಿ, ಮತ್ತೆ ಎರಡು ತಿಂಗಳು ಕೆಲಸ ಇಲ್ಲದೆ ಇರೋದು (ಅಥವಾ ಇಲ್ಲ ಅಂತ ಬರೆದುಕೊಡೋದು). ಒಂದು ಕಡೆ ಕೈಗೆ ದುಡ್ಡು, ಇನ್ನೊಂದು ಕಡೆ ಬರೀ ಕಾಯೋದು. ಜನ ಏನು ಮಾಡ್ತಾರೆ ಅಂತ ಊಹಿಸೋಕೆ ಬಿಇ ಓದಬೇಕಿಲ್ಲ.

ದೊಡ್ಡ ಸಾಫ್ಟ್‌ವೇರ್ ಕಂಪನಿಗಳದ್ದು ಇನ್ನೊಂದು ಸಿಕ್ಕು. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ವಿನಾಯಿತಿ ಪಡೆದು ಅವರು ತಮ್ಮದೇ ಪಿಎಫ್ ಟ್ರಸ್ಟ್ ನಡೆಸುತ್ತಾರೆ. ಸರ್ಕಾರ ಘೋಷಿಸಿದ ಬಡ್ಡಿಗಿಂತ ಕಡಿಮೆ ಕೊಡುವಂತಿಲ್ಲ ಅನ್ನೋ ಷರತ್ತಿದೆ, ಹಣಕ್ಕೇನೂ ಭಯವಿಲ್ಲ. ಆದರೆ ಅಲ್ಲಿಂದ ಹೊರಟರೆ ನಿಮ್ಮ ದುಡ್ಡು ನಿಜಕ್ಕೂ ಒಂದು ಸಂಸ್ಥೆಯಿಂದ ಇನ್ನೊಂದು ಸಂಸ್ಥೆಗೆ ದಾಟಬೇಕು. ಜೊತೆಗೆ ಅನೆಕ್ಸರ್ ಕೆ ಅನ್ನೋ ಒಂದು ಹಾಳೆ. ಯಾವ ತಾರೀಕಿಗೆ ಸೇರಿದಿರಿ, ಯಾವಾಗ ಬಿಟ್ಟಿರಿ, ಎಷ್ಟು ಕೂಡಿದೆ ಅಂತ ಅದರಲ್ಲಿರುತ್ತೆ. ಹಣ ಬಂದು ಹಾಳೆ ಬರದಿದ್ದರೆ ಅದು ಯಾರದು ಅಂತಲೇ ಗೊತ್ತಾಗದೆ ಕೂತಿರುತ್ತೆ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಅನೆಕ್ಸರ್ ಕೆ ಅಂದರೆ ಸಾಕು, ಪ್ರತಿ ಟೇಬಲ್ಲಿನಿಂದ ಒಂದೊಂದು ಕತೆ ಏಳುತ್ತೆ.

ಇಲ್ಲೊಂದು ವಿಷಯ ನಮ್ಮ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. 1995ರ ನವೆಂಬರಿನಲ್ಲಿ ಪೆನ್ಷನ್ ಯೋಜನೆ ಬಂದ ಮೇಲೆ ಮಾಲೀಕನ ಪಾಲಿನ ಬಹುಪಾಲು, ಅಂದರೆ 8.33, ಪೆನ್ಷನ್ ನಿಧಿಗೆ ಹೋಗುತ್ತೆ. (ಹನ್ನೆರಡರಲ್ಲಿ ಒಂದು ಪಾಲು, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಈ ಇಲಾಖೆಯ ವಿಚಿತ್ರ ಸಂಖ್ಯೆಗಳೆಲ್ಲ ಹೀಗೇ.) ಆ ಪೆನ್ಷನ್ ಸಿಗೋಕೆ ಹತ್ತು ವರ್ಷ ಸೇವೆ ಇರಬೇಕು. ಖಾತೆ ವರ್ಗಾಯಿಸಿದರೆ ಹಳೇ ವರ್ಷಗಳು ಹೊಸದಕ್ಕೆ ಕೂಡಿಕೊಳ್ಳುತ್ತವೆ. ಎಲ್ಲಾ ಕಿತ್ತುಕೊಂಡರೆ ಎಣಿಕೆ ಮತ್ತೆ ಸೊನ್ನೆಯಿಂದ. ದುಡ್ಡು ಹೇಗೂ ಒಂದು ದಿನ ಕೈಗೆ ಬರುತ್ತೆ, ಕಳೆದುಹೋಗೋದು ವರ್ಷಗಳು.

ಈಗ 2016ಕ್ಕೆ ಬರ್ತೀನಿ. ನಾನು ಈ ಕತೆ ಹೇಳೋಕೆ ಹೊರಟಿದ್ದೇ ಅದಕ್ಕೆ.

ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಕಾರ್ಮಿಕ ಇಲಾಖೆ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ತಮ್ಮ ಪಾಲು, ಅದರ ಬಡ್ಡಿ ತಗೋಬಹುದು. ಮಾಲೀಕನ ಪಾಲು 58 ತುಂಬೋವರೆಗೂ ಮುಟ್ಟುವಂತಿಲ್ಲ. ಅದೇ ಫೆಬ್ರವರಿ 29ರ ಬಜೆಟ್ಟಿನಲ್ಲಿ ಪಿಎಫ್ ಹಣದ ಶೇಕಡಾ 60ರ ಮೇಲೆ ತೆರಿಗೆ ಅಂತ ಇನ್ನೊಂದು ಬಾಂಬು. ನಮ್ಮಂಥವರೆಲ್ಲ ಟ್ವಿಟರಿನಲ್ಲಿ ಕೂಗಾಡಿದೆವು, ಮಾರ್ಚ್ 8ಕ್ಕೆ ಅದು ವಾಪಸಾಯಿತು. ಫೆಬ್ರವರಿ 10ರದ್ದನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ. ಓದಿದವರೂ ಒಳ್ಳೇದೇ ಅಲ್ವಾ, ಉಳಿತಾಯ ಆಗುತ್ತೆ ಅಂದುಕೊಂಡರು.

ನಮ್ಮೂರು ತುರುವೇಕೆರೆ ಕಡೆ. ಅಲ್ಲಿಂದ ಪೀಣ್ಯದ ಗಾರ್ಮೆಂಟ್ಸಿಗೆ ಹೋದ ಹೆಣ್ಣುಮಕ್ಕಳನ್ನು ಎಣಿಸೋಕೆ ಕೈಬೆರಳು ಸಾಲದು. ನನ್ನ ಅತ್ತೆ ಮಗಳೂ ಒಬ್ಬಳು. ಆ ಜನವರಿ ಕೊನೆಗೆ ಅವಳು ಕೆಲಸ ಬಿಟ್ಟಿದ್ದಳು. ಎರಡು ತಿಂಗಳು ಕಾದು ಪಿಎಫ್ ತಗೊಂಡು ಮಗನ ಶಾಲೆಗೆ ಕಟ್ಟಿ, ಉಳಿದಿದ್ದನ್ನು ಮನೆಯ ಲೀಸಿಗೆ ಸೇರಿಸೋದು ಅಂತ ಲೆಕ್ಕ. ಪೀಣ್ಯದಲ್ಲಿ ಇದೇನು ಗುಟ್ಟಲ್ಲ. ಮೂರು ವರ್ಷ ದುಡಿದು ಬಿಡೋದು, ಪಿಎಫ್ ತಗೊಳ್ಳೋದು, ಪಕ್ಕದ ಫ್ಯಾಕ್ಟರಿಗೆ ಸೇರೋದು. ಅದೇ ಅವರ ಚೀಟಿ, ಅದೇ ಅವರ ಬ್ಯಾಂಕು. ಏಪ್ರಿಲ್ ಹೊತ್ತಿಗೆ ಸುದ್ದಿ ಹಬ್ಬಿತು, ದುಡ್ಡು ಕೊಡಲ್ಲವಂತೆ.

ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿ ಹತ್ತಿರ ಹೊಸೂರು ರಸ್ತೆಗೆ ಗಾರ್ಮೆಂಟ್ಸ್ ಹೆಂಗಸರು ಇಳಿದರು. ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ಹೆಬ್ಬಗೋಡಿ. ಇಂಥ ಯೂನಿಯನ್ನು ಕರೆ ಕೊಟ್ಟಿತು ಅನ್ನೋ ಹಾಗಿರಲಿಲ್ಲ, ಇಂಥವರು ನಾಯಕರು ಅನ್ನೋ ಹಾಗೂ ಇರಲಿಲ್ಲ. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಠಾಣೆಯ ಮೇಲೆ ದಾಳಿ ಆಯಿತು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಹೊಡೆದರು. ಎಲೆಕ್ಟ್ರಾನಿಕ್ಸ್ ಸಿಟಿಯ ನಮ್ಮ ಕ್ಯಾಬುಗಳು ಗಂಟೆಗಟ್ಟಲೆ ನಿಂತವು. 19ರ ಸಂಜೆಯೊಳಗೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ಜುಲೈ 31ರವರೆಗೆ ತಡೆ ಅಂದರು, ಆಮೇಲೆ ಅಧಿಸೂಚನೆಯನ್ನೇ ರದ್ದು ಮಾಡಿದೆವು ಅಂದರು. ಎರಡೇ ದಿನ.

ಕ್ಯಾಬಿನಲ್ಲಿ ಕೂತು ಸಹೋದ್ಯೋಗಿಯೊಬ್ಬ ಫೋನಿನಲ್ಲಿ ಲೆಕ್ಕ ಹಾಕಿದ. ಮೂಲ ವೇತನ 7,000 ಅಂತಿಟ್ಟುಕೊಳ್ಳಿ. ಅವರ ಪಾಲು ಶೇಕಡಾ 12, ತಿಂಗಳಿಗೆ 840. ಮೂರು ವರ್ಷಕ್ಕೆ 30,240, ಅದು ಹೇಗೂ ಸಿಗುತ್ತೆ. ಮಾಲೀಕನ ಪಾಲಿನಲ್ಲಿ 583 ಪೆನ್ಷನ್ನಿಗೆ ಹೋಗಿ ಪಿಎಫಿಗೆ ಬೀಳೋದು 257. ಮೂರು ವರ್ಷಕ್ಕೆ 9,252. ಒಂಬತ್ತು ಸಾವಿರಕ್ಕೆ ಇಷ್ಟು ಗಲಾಟೆನಾ, ಕಾಂಪೌಂಡಿಂಗ್ ಗೊತ್ತಿಲ್ಲ ಪಾಪ, ಅಂದ.

ಲೆಕ್ಕ ಸರಿ ಇತ್ತು. ಆದರೆ ಅದೇ ಲೆಕ್ಕವನ್ನು ಮುಂದುವರಿಸಿ ನೋಡಿ. ಆಕೆ ಏನನ್ನೂ ಕೀಳದೆ, ಪ್ರತಿ ಸಲ ಖಾತೆ ವರ್ಗಾಯಿಸಿ, ಸರಿಯಾಗಿ ಹತ್ತು ವರ್ಷ ಮುಗಿಸಿದಳು ಅನ್ನಿ. ಪೆನ್ಷನ್ ಸೂತ್ರ, ಸಂಬಳವನ್ನು ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸೋದು. 7,000ಕ್ಕೆ ಹತ್ತು ವರ್ಷ, ಬರೋದು ತಿಂಗಳಿಗೆ 1,000. ಅದೂ 58 ಆದ ಮೇಲೆ. ಮೂವತ್ತಕ್ಕೆ ಸೊಂಟ ಹಿಡಿದು ನಲವತ್ತಕ್ಕೆ ಕಣ್ಣು ಮಂಜಾಗುವ ಕೆಲಸ ಅದು. 58ರವರೆಗೆ ಹೊಲಿಗೆ ಮಿಷಿನ್ ಮುಂದೆ ಕೂತವರನ್ನು ನಾನಂತೂ ನೋಡಿಲ್ಲ. ಇನ್ನೊಂದು ಕಡೆ ಹಳೇ ಫ್ಯಾಕ್ಟರಿ ಬಾಗಿಲು ಹಾಕಿದ್ದರೆ ವರ್ಗಾವಣೆ ಫಾರಮ್ಮಿಗೆ ಸಹಿ ಹಾಕೋರು ಯಾರು? 2011ರ ಏಪ್ರಿಲಿನಿಂದ, 36 ತಿಂಗಳು ಹಣ ಬೀಳದ ಖಾತೆಗೆ ಬಡ್ಡಿಯನ್ನೇ ನಿಲ್ಲಿಸಿದ್ದರು. ಅದು ಮತ್ತೆ ಶುರುವಾಗಿದ್ದು 2016ರ ನವೆಂಬರಿನಲ್ಲಿ, ಈ ಗಲಾಟೆಯೆಲ್ಲ ಆದ ಮೇಲೆ. ಅಂದರೆ ಏಪ್ರಿಲಿನಲ್ಲಿ ಅವರ ಮುಂದೆ ಇದ್ದ ಆಯ್ಕೆ ಯಾವುದು? ಈಗ ಪೂರ್ತಿ ತಗೊಳ್ಳೋದು, ಇಲ್ಲಾ ಯಾರೂ ಕಾಯದ ಖಾತೆಯಲ್ಲಿ ಮಾಲೀಕನ ಪಾಲು ಬಿಟ್ಟು ಹೋಗೋದು. ಕಾಂಪೌಂಡಿಂಗ್ ಅವರಿಗೆ ನನ್ನ ಸಹೋದ್ಯೋಗಿಗಿಂತ ಚೆನ್ನಾಗಿ ಗೊತ್ತಿತ್ತು. ಮೀಟರ್ ಬಡ್ಡಿಗೆ ಸಾಲ ತಗೊಂಡವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ನನ್ನ ದೃಷ್ಟಿಯಲ್ಲಿ ಸರ್ಕಾರದ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಪ್ರತಿ ಸಲ ಕೀಳುವವರಿಗೆ ಮುಪ್ಪಿಗೆ ಏನೂ ಉಳಿಯೋದಿಲ್ಲ ಅನ್ನೋದು ನಿಜವೇ. ಆದರೆ ದಾಟೋಕೆ ಸೇತುವೆ ಕಟ್ಟೋ ಮೊದಲೇ ಈಚೆ ದಡದ ಬಾಗಿಲು ಹಾಕಿದರು.

ಸೇತುವೆಯ ಕೆಲಸ ಅಷ್ಟು ಹೊತ್ತಿಗೆ ಶುರುವಾಗಿತ್ತು ಅನ್ನೋದನ್ನೂ ಹೇಳಬೇಕು. 2014ರ ಅಕ್ಟೋಬರ್ 16ರಂದು ಪ್ರಧಾನಿ ಯುಎಎನ್ ಬಿಡುಗಡೆ ಮಾಡಿದರು. ಹನ್ನೆರಡು ಅಂಕಿಯ ನಂಬರು, ಯಾವ ಕಂಪನಿಯದ್ದೂ ಅಲ್ಲ, ಮನುಷ್ಯನದ್ದು. ವಾರಸುದಾರರಿಲ್ಲದೆ 27,000 ಕೋಟಿ ಬಿದ್ದಿದೆ ಅಂತ ಅವತ್ತಿನ ಭಾಷಣದಲ್ಲೇ ಹೇಳಿದರು. 1952ರ ತಪ್ಪು ಕೀಯನ್ನು ಸರಿಪಡಿಸೋಕೆ 62 ವರ್ಷ ಬೇಕಾಯಿತು. ಹಳೇ ಸದಸ್ಯ ಸಂಖ್ಯೆಗಳನ್ನು ಅಳಿಸದೆ ಮೇಲೊಂದು ನಂಬರು ಕೂರಿಸಿದರು, ಅದು ಜಾಣತನ. ನಾನಾದರೂ ಹಾಗೇ ಮಾಡುತ್ತಿದ್ದೆ. ಎನ್‌ಪಿಎಸ್ ಇದನ್ನು ಮೊದಲೇ ಸರಿಯಾಗಿ ಮಾಡಿತ್ತು, ಅಲ್ಲಿ ಪ್ರಾನ್ ನಂಬರು ಕೆಲಸದ ಹಂಗಿಲ್ಲದೆ ನಿಮ್ಮ ಜೊತೆ ಬರುತ್ತೆ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರಲ್ಲಿ ಬಹುತೇಕರು ಅದರಲ್ಲೇ ಇದ್ದಾರೆ. ನಮ್ಮೂರ ಮೇಷ್ಟ್ರೊಬ್ಬರಿಗೆ ಇದನ್ನು ಹೊಗಳಿದರೆ, ನಂಬರು ಚೆನ್ನಾಗಿದೆ ಕಣಪ್ಪ, ಹಳೇ ಪೆನ್ಷನ್ ಎಲ್ಲಿ ಅಂದರು. ಅದು ಬೇರೆಯದೇ ಜಗಳ.

ಯುಎಎನ್ ಬಂದ ಮೇಲೂ ಮಾಲೀಕನ ಒಪ್ಪಿಗೆ ಬೇಕೇ ಇತ್ತು, ಕಾಗದದ ಸಹಿಯ ಬದಲು ಡಿಜಿಟಲ್ ಸಹಿ, ಅಷ್ಟೇ. 2025ರ ಜನವರಿಯಲ್ಲಿ, ಆಧಾರ್ ಜೋಡಣೆಯಾಗಿ ಹೆಸರು, ಹುಟ್ಟಿದ ತಾರೀಕು ಎರಡೂ ಕಡೆ ಹೊಂದಿದ್ದರೆ ಹಲವು ಸಂದರ್ಭಗಳಲ್ಲಿ ಕಂಪನಿಯನ್ನು ಕೇಳದೆಯೇ ವರ್ಗಾಯಿಸಬಹುದು ಅಂತ ಆಯಿತು.

ಹೊಂದಿದ್ದರೆ! ನಮ್ಮ ಕಡೆಯ ಹೆಸರುಗಳ ಕತೆ ನಿಮಗೆ ಗೊತ್ತಲ್ಲ. ಶಾಲೆಯಲ್ಲಿ ಊರಿನ ಇನಿಷಿಯಲ್ಲು, ಫ್ಯಾಕ್ಟರಿಯಲ್ಲಿ ಅಪ್ಪನದು, ಆಧಾರಿನಲ್ಲಿ ಗಂಡನ ಹೆಸರು. ಹುಟ್ಟಿದ ದಿನ ಹೆಡ್‌ಮೇಷ್ಟ್ರು ಬರೆದಂತೆ ಜೂನ್ ಒಂದು. ಅತ್ತೆ ಮಗಳಿಗೆ 2016ರ ಮೇ ತಿಂಗಳಲ್ಲಿ ಆ ದುಡ್ಡು ಪೂರ್ತಿ ಬಂತು, ಶಾಲೆಗೆ ಕಟ್ಟಿದಳು. ಈಗ ಊರಿನ ಹತ್ತಿರದ ಒಂದು ಯುನಿಟ್ಟಿನಲ್ಲಿ ಏಳು ವರ್ಷ ಚಿಲ್ಲರೆ ಆಗಿದೆ, ಬೆನ್ನು ನೋವು ಅಂತ ಈ ವರ್ಷ ಬಿಡೋ ಯೋಚನೆ. 2009ರಿಂದ 2012ರವರೆಗೆ ಮೊದಲ ಫ್ಯಾಕ್ಟರಿಯಲ್ಲಿ ದುಡಿದ ಮೂರು ವರ್ಷ ಇನ್ನೂ ಹಳೇ ಕೆಎನ್ ನಂಬರಿನಲ್ಲೇ ಇದೆ. ಅವಳು ಅದನ್ನು ಕಿತ್ತಿರಲಿಲ್ಲ, ಫ್ಯಾಕ್ಟರಿ ಮುಚ್ಚಿದ್ದರಿಂದ ಕೀಳೋಕೆ ಆಗಿರಲಿಲ್ಲ. ಅದು ಸೇರಿದರೆ ಹತ್ತು ವರ್ಷ ದಾಟುತ್ತೆ. ಸೇರಬೇಕಾದರೆ ಹೆಸರು ತಿದ್ದಬೇಕು, ತಿದ್ದೋಕೆ ಮಾಲೀಕನ ಸಹಿ ಬೇಕು, ಮುಚ್ಚಿದ ಕಂಪನಿಯಾದರೆ ಗೆಜೆಟೆಡ್ ಅಧಿಕಾರಿಯದ್ದು ನಡೆಯುತ್ತೆ. ತಾಲ್ಲೂಕಿನ ಪಶುವೈದ್ಯರೂ ಗೆಜೆಟೆಡ್ಡೇ ಅಂತ ಮೊನ್ನೆ ತಿಳಿಯಿತು. ಬುಧವಾರ ಅವರು ಆಸ್ಪತ್ರೆಯಲ್ಲಿ ಇರ್ತಾರಂತೆ, ಫಾರಂ ಪ್ರಿಂಟ್ ಹಾಕಿಸಿ ಕಳಿಸಿದ್ದೀನಿ.